ಮುದ್ದೆ ಬಂತು, ಅನ್ನ ಹೋಗಲಿಲ್ಲ

ಅಂತರಸಂತೆ ಸುತ್ತಿನ ಹೊಲಗಳಲ್ಲಿ ರಾಗಿ ಬೆಳೆಯುತ್ತದೆ. ಕರಾವಳಿಯಿಂದ ಬಂದ ನಮ್ಮ ಮನೆಗಳಲ್ಲಿ ಮಾತ್ರ ಬೆಳಿಗ್ಗೆ ಪತ್ತಿರ್, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಈಗ ಶುಗರ್ ಬಂದವರು ತೂಕ ಇಳಿಸಲಿಕ್ಕೆಂದು ಮುದ್ದೆ ಶುರು ಮಾಡಿದ್ದಾರೆ. ಒಳ್ಳೆಯದೇ. ರಾಗಿಯಲ್ಲಿ ನಾರಿದೆ, 100 ಗ್ರಾಮಿಗೆ 300 ಮಿಲಿಗ್ರಾಮಿಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಆದರೆ ಅದೂ ಪಿಷ್ಟವೇ ಅಲ್ವಾ? ಎರಡು ಮುದ್ದೆ ನುಂಗಿ ಮೇಲೆ ಅನ್ನ ಬಡಿಸಿಕೊಂಡರೆ ತೂಕ ಹೇಗೆ ಇಳಿದೀತು? ಸಣ್ಣದೊಂದು ಮುದ್ದೆ ಸಾಕು. ಸೊಪ್ಪು, ಕಾಳು, ಮೀನು ಹೆಚ್ಚಿರಲಿ. ಹೊಟ್ಟೆಯ ಮೂರನೇ ಒಂದು ಪಾಲು ಮಾತ್ರ ಊಟಕ್ಕೆ ಎಂಬ ಹದೀಸ್ ಮಕ್ಕಳಿಗೆ ಕಲಿಸುವ ನಾನೂ ಮದುವೆಯಲ್ಲಿ ಎರಡನೇ ಸಲ ಬಿರಿಯಾನಿ ಹಾಕಿಸಿಕೊಂಡವನೇ. ಒಂದು ಮಾತು: ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಊಟ ಒಮ್ಮೆಲೇ ಕಡಿಮೆ ಮಾಡಬೇಡಿ. ಸಕ್ಕರೆ ತೀರಾ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಮೊದಲು ಡಾಕ್ಟರ್ ಹತ್ತಿರ ಕೇಳಿ.