ಬಿಗ್ ಡೇಟಾ ಪಾಠ ರಾಬರ್ಟ್‌ಸನ್‌ಪೇಟೆಗೂ ಬರಲಿ

ಬಿಗ್ ಡೇಟಾ ಮತ್ತು ಸಮಾಜದ ಕುರಿತು ಬೆಂಗಳೂರಿನ ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು ಉಪನ್ಯಾಸ ಏರ್ಪಡಿಸುತ್ತಲೇ ಇರುತ್ತವೆ. ಬಹುಪಾಲು ಇಂಗ್ಲಿಷಿನಲ್ಲಿ, ಬಹುಪಾಲು ಬಲ್ಲವರಿಗಾಗಿ. ಅಂಥದೊಂದು ಉಪನ್ಯಾಸ ಮಾಲೆ ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ, ಕನ್ನಡದಲ್ಲೂ ಅಲ್ಲಿನ ಸಾವಿರಾರು ಕುಟುಂಬಗಳ ಮನೆಮಾತಾದ ತಮಿಳಿನಲ್ಲೂ ನಡೆಯಬೇಕು ಎಂದು ಕೇಳುವುದಕ್ಕೆ ಗಟ್ಟಿ ಕಾರಣವಿದೆ. ಈ ವಿಷಯದ ಮೂಲಪ್ರಶ್ನೆಯನ್ನು ಈ ಊರು ಶತಮಾನದಷ್ಟು ಹಿಂದೆಯೇ ಎತ್ತಿತ್ತು. 1930ರಲ್ಲಿ ಗಣಿ ಆಡಳಿತ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಪದ್ಧತಿ ತಂದಾಗ ಅವರು ಕೆಲಸ ನಿಲ್ಲಿಸಿ ಹೊರಬಂದರು. ಮೈಸೂರು ಸಂಸ್ಥಾನದ ಕಾರ್ಮಿಕ ಚರಿತ್ರೆ ಬರೆದ ಜಾನಕಿ ನಾಯರ್ ಈ ಮುಷ್ಕರವನ್ನು ದಾಖಲಿಸಿದ್ದಾರೆ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳ ಉಸ್ತುವಾರಿ ಜಾನ್ ಟೇಲರ್ ಅಂಡ್ ಸನ್ಸ್ ಕೈಯಲ್ಲಿತ್ತು. ಬೆರಳಚ್ಚುಗಳೆಲ್ಲ ಒಂದೆಡೆ ಸೇರಿದರೆ, ಒಂದು ಗಣಿಯಿಂದ ಹೊರಬಿದ್ದವನನ್ನು ಇನ್ನೊಂದರ ಬಾಗಿಲಲ್ಲೇ ಗುರುತಿಸಿ ತಡೆಯಬಹುದಿತ್ತು. ಹೆಸರು ಬದಲಿಸಬಹುದು, ಬೆರಳು ಬದಲಿಸಲಾಗದು.

ಇಂದಿನ ಬಿಗ್ ಡೇಟಾದ ಬಲವಿರುವುದೂ ಈ ಜೋಡಣೆಯಲ್ಲೇ. ಒಂದು ಇಲಾಖೆಯ ಬಳಿ ನಿಮ್ಮ ಪಡಿತರ ಚೀಟಿ, ಮತ್ತೊಂದರ ಬಳಿ ಪಹಣಿ, ಇನ್ನೊಂದರ ಬಳಿ ತೆರಿಗೆ ವಿವರ ಬಿಡಿಬಿಡಿಯಾಗಿ ಇರುವ ತನಕ ಅವು ಕಡತಗಳಷ್ಟೇ. ಎಲ್ಲವನ್ನೂ ಒಂದೇ ಸಂಖ್ಯೆಗೆ ಕಟ್ಟಿದ ಕ್ಷಣ ಅವು ನಿಮ್ಮ ಬಗ್ಗೆ ತೀರ್ಪು ಕೊಡತೊಡಗುತ್ತವೆ. ಕರ್ನಾಟಕದ ‘ಕುಟುಂಬ’ ತಂತ್ರಾಂಶ ಮಾಡುವುದು ಇಂಥ ಜೋಡಣೆಯನ್ನೇ. ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವ ಕುಟುಂಬಗಳಿಗೆ ಗೃಹಲಕ್ಷ್ಮಿ ಇಲ್ಲ ಎಂಬ ನಿಯಮ ಜಾರಿಯಾಗುವುದು ದತ್ತಾಂಶಗಳ ತಾಳೆಯಿಂದ. ತೆರಿಗೆ ಪಾವತಿದಾರರೆಂದು ತಪ್ಪಾಗಿ ಗುರುತಾದ ಹೆಂಗಸರು ಕಚೇರಿಗಳಿಗೆ ಅಲೆದ ಸುದ್ದಿ ಬಂದಿದೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಚೀಟಿಗಳ ಪರಿಷ್ಕರಣೆ ಗದ್ದಲವಾಗಿ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ರದ್ದಾದ ಚೀಟಿ ಮರಳಿಸಿ ಎಂದು ಸರ್ಕಾರವೇ ಹೇಳಬೇಕಾಯಿತು. ಶ್ರೀಮಂತ ದೇಶಗಳೂ ಇದರಲ್ಲಿ ಎಡವಿವೆ. ಆಸ್ಟ್ರೇಲಿಯಾದ ‘ರೋಬೋಡೆಟ್’ ಯೋಜನೆ ತೆರಿಗೆ ಇಲಾಖೆಯ ವಾರ್ಷಿಕ ಆದಾಯವನ್ನು ಹದಿನೈದು ದಿನಗಳ ಲೆಕ್ಕಕ್ಕೆ ಸಮನಾಗಿ ಹಂಚಿ, ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ತಲೆಗೆ ಇಲ್ಲದ ಸಾಲ ಕಟ್ಟಿತು. ಆ ಯೋಜನೆ ಕಾನೂನುಬಾಹಿರವಾಗಿತ್ತೆಂದು 2023ರಲ್ಲಿ ರಾಯಲ್ ಕಮಿಷನ್ ವರದಿ ಕೊಟ್ಟಿತು. ವರ್ಷವಿಡೀ ಒಂದೇ ಸಮನೆ ದುಡಿಮೆ ಸಿಗದವರೇ ಅದರ ಬಲಿಪಶುಗಳು. 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿದ ಮೇಲೆ ಬೆಳಗಿನ ರೈಲು ಹಿಡಿದು ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುವ ಕೆಜಿಎಫ್ ಜನರ ವರಮಾನವೂ ಹಾಗೆಯೇ ಏರಿಳಿಯುವಂಥದ್ದು.

ದತ್ತಾಂಶವಿಲ್ಲದೆ ಬೋಗಸ್ ಫಲಾನುಭವಿಗಳನ್ನು ತಡೆಯುವುದು ಹೇಗೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ದತ್ತಾಂಶ ಸಂಗ್ರಹವೇ ಕೇಡು ಎಂದು ನಾನು ಹೇಳುತ್ತಿಲ್ಲ, ಕೆಜಿಎಫ್ ಅದಕ್ಕೂ ಸಾಕ್ಷಿ. 1940ರ ದಶಕದಲ್ಲಿ ಇಲ್ಲಿನ 7,653 ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ 43.7ರಷ್ಟು ಮಂದಿಗೆ ಸಿಲಿಕೋಸಿಸ್ ಇರುವುದು ಗೊತ್ತಾಯಿತು. ಕಲ್ಲಿನ ದೂಳು ಶ್ವಾಸಕೋಶವನ್ನು ತಿನ್ನುತ್ತಿದೆ ಎಂಬುದು ಪ್ರತಿ ಮನೆಗೂ ಗೊತ್ತಿದ್ದ ಸಂಗತಿ. ಅದನ್ನು ಯಾರೂ ಅಲ್ಲಗಳೆಯಲಾಗದ ಹಾಗೆ ಮಾಡಿದ್ದು ಆ ಅಂಕಿ. ಅದು ಕಾರ್ಮಿಕರ ಕೈಗೆ ವಾದ ಕೊಟ್ಟಿತು, ಬೆರಳಚ್ಚಿನ ಕಡತ ಆಡಳಿತದ ಕೈಗೆ ಹಿಡಿತ ಕೊಡುವಂಥದ್ದಾಗಿತ್ತು. ದತ್ತಾಂಶ ಎರಡೂ ಸಲ ಅದೇ ಮೈಗಳಿಂದಲೇ ಬಂದದ್ದು. ಯಾರ ಮೈಯಿಂದ ಬಂತೋ ಅವರು ಅದನ್ನು ನೋಡಬಹುದೇ, ತಿದ್ದಿಸಬಹುದೇ, ಅದನ್ನು ಹಿಡಿದು ಪ್ರಶ್ನಿಸಬಹುದೇ ಎಂಬುದು ಬೋಗಸ್ ಲೆಕ್ಕಕ್ಕಿಂತ ಮೊದಲು ಇತ್ಯರ್ಥವಾಗಬೇಕು.

ಅದಕ್ಕೆಲ್ಲ ಕಾನೂನು ಇದೆಯಲ್ಲ ಎನ್ನುವುದು ಇನ್ನೊಂದು ಆಕ್ಷೇಪ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೆ ಅದರ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಸಬ್ಸಿಡಿ ಮತ್ತು ಸವಲತ್ತುಗಳ ವಿಚಾರದಲ್ಲಿ ಹೊಸದಾಗಿ ಒಪ್ಪಿಗೆ ಕೇಳದೆಯೇ ದತ್ತಾಂಶ ಬಳಸಲು ಸರ್ಕಾರಕ್ಕೆ ದಾರಿ ಬಿಟ್ಟಿದೆ. ಪಡಿತರದ ಸಾಲಿನಲ್ಲಿ ನಿಂತವರಿಗೆ ರಕ್ಷಣೆ ಹೆಚ್ಚು ಬೇಕಾದ ಕಡೆಯಲ್ಲೇ ಅದು ತೆಳುವಾಗಿದೆ. ಇದನ್ನು ಅವರಿಗೆ ಅವರ ಭಾಷೆಯಲ್ಲಿ ಹೇಳುವ ಹೊಣೆ ಯಾರದ್ದು?

ಈ ವಿಷಯ ಜನಸಾಮಾನ್ಯರಿಗೆ ಅರ್ಥವಾಗದು ಎಂಬ ಮಾತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ. ಅಕ್ಷರ ಕಲಿಯಲು ಅವಕಾಶ ಸಿಗದ ಗಣಿ ಕಾರ್ಮಿಕರು 1930ರಲ್ಲೇ ನೋಂದಣಿ ಪುಸ್ತಕವನ್ನು ಸರಿಯಾಗಿ ಓದಿದ್ದರು. ವಿಶ್ವವಿದ್ಯಾಲಯ ಊರೂರಿಗೆ ಹೋಗುವುದೂ ನಮಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸ ಮಾಲೆ 1930ರ ದಶಕದಲ್ಲಿ ಅಧ್ಯಾಪಕರನ್ನು ಊರುಗಳಿಗೆ ಕಳಿಸಿ ವಿಜ್ಞಾನ, ಅರ್ಥಶಾಸ್ತ್ರ, ಸಾಹಿತ್ಯಗಳನ್ನು ಕನ್ನಡದಲ್ಲಿ ಹೇಳಿಸಿತು. ಆ ಮಾತುಗಳನ್ನು ಕೈಗೆಟಕುವ ಬೆಲೆಯ ಸಣ್ಣ ಪುಸ್ತಕಗಳಾಗಿ ಅಚ್ಚು ಹಾಕಿಸಿತು. ಆಗ ಇದ್ದ ಸೌಕರ್ಯ ಎಷ್ಟೆಂದು ನೆನೆದರೆ ಇಂದಿನ ಸಬೂಬುಗಳು ನಿಲ್ಲುವುದಿಲ್ಲ. ಕೋಲಾರದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಿದೆ, ಕೆಜಿಎಫ್‌ನಲ್ಲೇ ಪದವಿ ಕಾಲೇಜು, ಎಂಜಿನಿಯರಿಂಗ್ ಕಾಲೇಜು ಇವೆ. ಉಪನ್ಯಾಸ ಭಾನುವಾರ ಇರಲಿ, ಉಳಿದ ದಿನ ಈ ಊರಿನ ಅರ್ಧ ಜನ ರೈಲಿನಲ್ಲಿರುತ್ತಾರೆ. ಮೊದಲ ಉಪನ್ಯಾಸದ ವಿಷಯ ‘ಕುಟುಂಬ’ ತಂತ್ರಾಂಶವೇ ಆಗಲಿ. ವಿದ್ವಾಂಸರ ಪಕ್ಕದಲ್ಲಿ ಅದನ್ನು ನಡೆಸುವ ಇಲಾಖೆಯ ಅಧಿಕಾರಿಯೂ ಕೂರಲಿ. ಸವಲತ್ತು ನಿಂತುಹೋದವರು ತಮ್ಮ ಹೆಸರಿನ ಮುಂದೆ ಏನು ದಾಖಲಾಗಿದೆ, ಅದು ಎಲ್ಲಿಂದ ಬಂತು, ತಿದ್ದುವವರು ಯಾರು ಎಂದು ಅಲ್ಲೇ ಕೇಳಲಿ. ಉತ್ತರ ಬರಹದಲ್ಲಿ ಸಿಗಲಿ.