ಹೊಸ ಕಾರಿನ ಸ್ಟೇರಿಂಗ್ ಬಿಗಿಯಾದರೆ ತೆಕ್ಕಲಕೋಟೆಯವರು ಬಳ್ಳಾರಿಗೇ ಯಾಕೆ ಓಡಬೇಕು?

ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ಟೇರಿಂಗ್ ಚಿತ್ರ, ಅದರ ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ. ಈ ದೀಪ ಹತ್ತಿಕೊಂಡರೆ ನಮ್ಮ ಭಾಗದ ಕಾರಿನವರಿಗೆ ಎರಡು ಮಾತು ಕೇಳಬೇಕಾಗುತ್ತದೆ. ಊರಿನ ಮೆಕ್ಯಾನಿಕ್ ಹೇಳುವುದು: "ಇದು ಕಂಪ್ಯೂಟರ್ ಗಾಡಿ ಐತ್ರಿ ಅಣ್ಣ, ನಮ್ ಕೈಲಿ ಆಗಂಗಿಲ್ಲ, ಬಳ್ಳಾರಿಗೆ ತಗಂಡ್ ಹೋಗ್ರಿ." ಶೋರೂಂನವರು ಹೇಳುವುದು: "ಪೂರ್ತಿ ಸೆಟ್ಟೇ ಹೋಗಿದೆ ಸರ್, ಬದಲಿ ಮಾಡ್ಬೇಕು."

ಮೊದಲನೇ ಮಾತಿಗೆ ಕಾರಣ ಮೆಕ್ಯಾನಿಕ್ಕಿನ ದಡ್ಡತನ ಅಲ್ಲ. ಎರಡನೇ ಮಾತು ಯಾವಾಗಲೂ ನಿಜವೂ ಅಲ್ಲ. ನಡುವೆ ಸಿಕ್ಕಿಕೊಂಡವನು ಸಾಲದ ಕಂತು ಕಟ್ಟುತ್ತಿರುವ ಗಾಡಿ ಮಾಲೀಕ. ಅವನಿಗೆ ಯಾರೂ ಕಾಗದದ ಮೇಲೆ ಏನನ್ನೂ ಬರೆದು ಕೊಡುವುದಿಲ್ಲ. ನಮ್ಮ ತಕರಾರು ಇರುವುದು ಇಲ್ಲೇ.

ಮೊದಲು ಆ ಯಂತ್ರ ಏನು ಅಂತ ನೋಡೋಣ. ಹಳೇ ಪವರ್ ಸ್ಟೇರಿಂಗಿನಲ್ಲಿ ಆಯಿಲ್ ಇತ್ತು, ಪಂಪ್ ಇತ್ತು, ಬೆಲ್ಟ್ ಇತ್ತು. ಆಯಿಲ್ ಸೋರಿದರೆ ಕಣ್ಣಿಗೆ ಕಾಣುತ್ತಿತ್ತು. ಹೋಸ್ ಪೈಪ್ ಹರಿದರೆ ಸಿರುಗುಪ್ಪದಲ್ಲೋ ಬಳ್ಳಾರಿಯಲ್ಲೋ ಬೇರೆ ತಂದು ಹಾಕಿಸಿದರೆ ಮುಗಿಯಿತು. ಈಗಿನ ಕಾರುಗಳಲ್ಲಿ ಆಯಿಲ್ ಇಲ್ಲ, ಒಂದು ಕರೆಂಟ್ ಮೋಟಾರ್ ಇದೆ. ಸಣ್ಣ ಕಾರುಗಳಲ್ಲಿ ಇದು ಹೆಚ್ಚಾಗಿ ಸ್ಟೇರಿಂಗ್ ಕಂಬಕ್ಕೇ, ಅಂದರೆ ಡ್ಯಾಶ್‌ಬೋರ್ಡಿನ ಕೆಳಗೆ ಕೂತಿರುತ್ತದೆ. ನೀವು ಸ್ಟೇರಿಂಗ್ ತಿರುಗಿಸುವಾಗ ಎಷ್ಟು ಬಲ ಹಾಕಿದಿರಿ ಅಂತ ಒಂದು ಟಾರ್ಕ್ ಸೆನ್ಸರ್ ಅಳೆಯುತ್ತದೆ. ಗಾಡಿ ಎಷ್ಟು ವೇಗದಲ್ಲಿದೆ ಅನ್ನುವ ಲೆಕ್ಕವೂ ಬರುತ್ತದೆ. ಎರಡನ್ನೂ ನೋಡಿ ಒಂದು ಕಂಟ್ರೋಲ್ ಯೂನಿಟ್ ಮೋಟಾರಿಗೆ "ಇಷ್ಟು ತಳ್ಳು" ಅಂತ ಹೇಳುತ್ತದೆ. ನಿಂತಲ್ಲೇ ತಿರುಗಿಸುವಾಗ ಜಾಸ್ತಿ ತಳ್ಳುತ್ತದೆ, ಹೈವೇಯಲ್ಲಿ ಕಡಿಮೆ. ಇಷ್ಟೇ ಕಥೆ.

ಇದರಲ್ಲಿ ಒಂದು ಮಾತು ಎಲ್ಲರೂ ನೆನಪಿಡಬೇಕು. ಮೋಟಾರ್ ಕೆಟ್ಟರೂ ಸ್ಟೇರಿಂಗಿನಿಂದ ಚಕ್ರದವರೆಗೆ ಕಬ್ಬಿಣದ ಸಂಬಂಧ ಹಾಗೇ ಇರುತ್ತದೆ. "ಸ್ಟೇರಿಂಗ್ ಲಾಕ್ ಆಗಿಬಿಡ್ತು" ಅಂತ ವಾಟ್ಸಾಪಿನಲ್ಲಿ ಓಡಾಡುವ ಮಾತು ಹೆಚ್ಚಿನ ಸಲ ತಪ್ಪು. ಸ್ಟೇರಿಂಗ್ ಭಾರ ಆಗುತ್ತದೆ, ಆದರೆ ತಿರುಗುತ್ತದೆ. ಹಳೇ ಅಂಬಾಸಿಡರಿಗೆ ಪವರ್ ಇರಲಿಲ್ಲ, ನಮ್ಮ ಅಜ್ಜಂದಿರು ಓಡಿಸಲಿಲ್ಲವೇ ಅಂತ ಕೆಲವರು ಕೇಳುತ್ತಾರೆ. ಆ ಕಾರಿನ ಸ್ಟೇರಿಂಗ್ ಚಕ್ರ ದೊಡ್ಡದಿತ್ತು, ಗೇರು ಹಗುರಾಗಿ ಸುತ್ತುವ ಹಾಗೆ ಮಾಡಿದ್ದರು. ಈಗಿನ ಕಾರನ್ನು ಮೋಟಾರಿನ ನೆರವು ಇದ್ದೇ ಇರುತ್ತದೆ ಅಂತ ನಂಬಿ ಮಾಡಿದ್ದಾರೆ. ನೆರವು ಹೋದರೆ ಇದು ಅಂಬಾಸಿಡರಿಗಿಂತ ಭಾರ ಅನಿಸುತ್ತದೆ, ಸತ್ತ ಮೋಟಾರನ್ನೂ ನೀವೇ ಎಳೆಯಬೇಕಾಗುತ್ತದೆ.

ಓಡುತ್ತಿರುವಾಗ ಹೀಗಾದರೆ? ತೆಕ್ಕಲಕೋಟೆ ಮೇಲೆ ಹಾದುಹೋಗುವ 150ಎ ಹೆದ್ದಾರಿಯಲ್ಲಿ ಭತ್ತದ ಲಾರಿ, ಟ್ರ್ಯಾಕ್ಟರ್ ಟ್ರೇಲರ್, ಎತ್ತಿನ ಬಂಡಿ ಎಲ್ಲ ಒಟ್ಟಿಗೇ ಬರುತ್ತವೆ. ಅಲ್ಲಿ ಗಾಬರಿಯಾದರೆ ಆಯಿತು. ಎರಡೂ ಕೈಯಿಂದ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಸಮನಾಗಿ ಹಿಡಿಯಿರಿ. ಆಕ್ಸಿಲರೇಟರ್ ಬಿಡಿ, ನಾಲ್ಕೂ ಇಂಡಿಕೇಟರ್ ಹಾಕಿ, ನಿಧಾನಕ್ಕೆ ಪಕ್ಕಕ್ಕೆ ತನ್ನಿ. ಮುಖ್ಯವಾಗಿ, ಗಾಡಿ ಓಡುತ್ತಿರುವಾಗ ಕೀ ಆಫ್ ಮಾಡಬೇಡಿ, ಕೀ ಕೀಳಬೇಡಿ. ಕೀ ಕಿತ್ತರೆ ಕಳ್ಳತನ ತಪ್ಪಿಸಲು ಇಟ್ಟ ಲಾಕ್ ಬೀಳುತ್ತದೆ, ಆಗ ಮಾತ್ರ ಸ್ಟೇರಿಂಗ್ ನಿಜವಾಗಲೂ ಲಾಕ್. ಇಂಜಿನ್ ನಿಂತರೆ ಬ್ರೇಕಿನ ಬೂಸ್ಟರೂ ಹೋಗುತ್ತದೆ, ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಗಾಡಿ ಪೂರ್ತಿ ನಿಂತ ಮೇಲೆ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ದೀಪ ಆರಿದರೂ "ಸರಿ ಹೋಯ್ತು ಬಿಡು" ಅಂತ ಮಕ್ಕಳನ್ನು ಕೂರಿಸಿಕೊಂಡು ಹೊರಡಬೇಡಿ. ಒಮ್ಮೆ ಬಂದು ಹೋದ ದೋಷ ಇನ್ನೊಮ್ಮೆ ಬರುತ್ತದೆ. ದೀಪ ಆರದಿದ್ದರೆ ಟೋಯಿಂಗ್ ಮಾಡಿಸಿ. ಖರ್ಚಾಗುತ್ತದೆ ನಿಜ, ಆದರೆ ಎದುರಿಗೆ ಲಾರಿ ಬಂದಾಗ ಆ ಭಾರದ ಸ್ಟೇರಿಂಗಿನಿಂದ ಗಾಡಿ ತಪ್ಪಿಸುವುದು ಕಷ್ಟ.

ಇನ್ನು "ಪೂರ್ತಿ ಸೆಟ್" ವಿಚಾರಕ್ಕೆ ಬರೋಣ.

ಈ ಮೋಟಾರ್ ಬ್ಯಾಟರಿಯಿಂದ ಕರೆಂಟ್ ಎಳೆಯುತ್ತದೆ, ಅದೂ ಸಣ್ಣಪುಟ್ಟದ್ದಲ್ಲ. ನಿಂತಲ್ಲೇ ಪೂರ್ತಿ ತಿರುಗಿಸುವಾಗ ಹತ್ತಾರು ಆಂಪಿಯರ್ ಬೇಕು. ಬ್ಯಾಟರಿ ಬಡವಾಗಿದ್ದರೆ, ಟರ್ಮಿನಲ್ ಮೇಲೆ ಹಸಿರು ಕಿಲುಬು ಕಟ್ಟಿದ್ದರೆ, ಅರ್ಥ್ ವೈರಿನ ಬೋಲ್ಟ್ ಸಡಿಲವಾಗಿದ್ದರೆ ವೋಲ್ಟೇಜ್ ಬೀಳುತ್ತದೆ, ಕಂಟ್ರೋಲ್ ಯೂನಿಟ್ ತಾನಾಗೇ ನೆರವು ನಿಲ್ಲಿಸಿ ದೀಪ ಹಚ್ಚುತ್ತದೆ. ಇಲ್ಲಿ ಮೋಟಾರ್ ಕೆಟ್ಟಿಲ್ಲ, ಅದಕ್ಕೆ ಊಟ ಸಿಗುತ್ತಿಲ್ಲ. ಒಂದು ಮಲ್ಟಿಮೀಟರ್ ಹಿಡಿದರೆ ಗೊತ್ತಾಗುತ್ತದೆ. ಇಂಜಿನ್ ಆಫ್ ಇದ್ದಾಗ ಬ್ಯಾಟರಿ 12.4ರಿಂದ 12.6 ವೋಲ್ಟ್ ತೋರಿಸಬೇಕು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5. ಅದಕ್ಕಿಂತ ಕೆಳಗಿದ್ದರೆ ಮೊದಲು ಬ್ಯಾಟರಿ, ಆಲ್ಟರ್ನೇಟರ್ ನೋಡಿಸಿ.

ಅದು ಸರಿಯಿದ್ದರೆ ಪವರ್ ಸ್ಟೇರಿಂಗಿನ ದಪ್ಪ ಫ್ಯೂಸ್. ಅದೂ ಸರಿಯಿದ್ದರೆ ವೈರು. ಭತ್ತದ ಕೊಯ್ಲಿನ ಕಾಲದಲ್ಲಿ ಗದ್ದೆಯ ಇಲಿ ಊರೊಳಗೆ ಬರುತ್ತದೆ, ಬೆಚ್ಚಗಿರುವ ಬಾನೆಟ್ ಒಳಗೆ ಸೇರಿಕೊಂಡು ವೈರ್ ಕಡಿಯುತ್ತದೆ. ಕಾಲುವೆ ಪಕ್ಕದ ಕ್ಯಾಂಪುಗಳಲ್ಲಿ ಗಾಡಿ ನಿಲ್ಲಿಸುವವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ವಾಟರ್ ವಾಶ್ ಮಾಡಿಸುವಾಗ ಪ್ರೆಶರ್ ಪೈಪನ್ನು ಎಲ್ಲಂದರಲ್ಲಿ ಬಿಟ್ಟರೆ ಕನೆಕ್ಟರಿಗೆ ನೀರು ಇಳಿಯುತ್ತದೆ. ಆಮೇಲೆ ನಮ್ಮ ಹುಡುಗರು ಹಾಕಿಸುವ ಬೂಫರ್, ಆಂಪ್ಲಿಫೈಯರ್, ನಾಲ್ಕು ಎಕ್ಸ್‌ಟ್ರಾ ಲೈಟು! ವೈರ್ ಕತ್ತರಿಸಿ ಟೇಪ್ ಸುತ್ತಿದ ಗಾಡಿಯಲ್ಲಿ ದೋಷ ಹುಡುಕುವುದು ಯಾವ ಇಂಜಿನಿಯರಿಗೂ ಕಷ್ಟ, ಕಂಪನಿಗೆ ನೆಪ ಸಿಗುವುದೂ ಅಲ್ಲೇ.

ಇನ್ನೊಂದು ಇದೆ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಇಕ್ಕಟ್ಟಾದ ಜಾಗದಲ್ಲಿ ಗಾಡಿ ತಿರುಗಿಸಲು ಸ್ಟೇರಿಂಗನ್ನು ಕೊನೆಯವರೆಗೆ ಹಿಡಿದು ನಿಂತರೆ ಮೋಟಾರ್ ಕಾಯುತ್ತದೆ. ಕಾದರೆ ಸುಟ್ಟುಹೋಗದಂತೆ ತಾನೇ ನೆರವು ಕಡಿಮೆ ಮಾಡಿಕೊಳ್ಳುತ್ತದೆ. ತಣ್ಣಗಾದ ಮೇಲೆ ಮತ್ತೆ ಸರಿ. ಇದು ದೋಷವೇ ಅಲ್ಲ.

ಇವೆಲ್ಲ ಆದ ಮೇಲೆ ಉಳಿಯುವುದು ನಿಜವಾದ ಕೇಡು: ಟಾರ್ಕ್ ಸೆನ್ಸರ್, ಮೋಟಾರ್, ಕಂಟ್ರೋಲ್ ಯೂನಿಟ್. ಆಗ ಸೆಟ್ ಬದಲಿಸಬೇಕಾಗಬಹುದು, ಅದಕ್ಕೆ ಹತ್ತಾರು ಸಾವಿರ ರೂಪಾಯಿ ಬಿಲ್ ಬರುತ್ತದೆ. ನಾವು ಅದನ್ನು ಬೇಡ ಅನ್ನುತ್ತಿಲ್ಲ. ಕಿಲುಬು ಕಟ್ಟಿದ ಟರ್ಮಿನಲ್ಲನ್ನೂ ಕೆಟ್ಟ ಸೆನ್ಸರನ್ನೂ ಬೇರೆ ಮಾಡಿ ಹೇಳುವ ಉಪಕರಣ ಯಾರ ಕೈಯಲ್ಲಿದೆ ಅಂತ ಕೇಳುತ್ತಿದ್ದೇವೆ.

ಕಾರಿನ ಕಂಪ್ಯೂಟರ್ ದೋಷ ಕಂಡಾಗ ಒಂದು ಕೋಡ್ ಬರೆದಿಡುತ್ತದೆ. ಇಂಜಿನ್ ಹೊಗೆಗೆ ಸಂಬಂಧಪಟ್ಟ ಕೋಡುಗಳನ್ನು ಎಲ್ಲ ಕಂಪನಿಯವರೂ ಒಂದೇ ರೀತಿ ಇಡಬೇಕು ಅಂತ ನಿಯಮ ಇದೆ. ಹಾಗಾಗಿ ಸಾವಿರ, ಎರಡು ಸಾವಿರ ರೂಪಾಯಿಯ ಸಣ್ಣ ಸ್ಕ್ಯಾನರ್ ತಂದು ಮೊಬೈಲಿಗೆ ಜೋಡಿಸಿದರೆ ತೆಕ್ಕಲಕೋಟೆಯ ಮೆಕ್ಯಾನಿಕ್ಕೂ ಅವನ್ನು ಓದಬಹುದು. ಸ್ಟೇರಿಂಗಿನ ಕೋಡುಗಳಿಗೆ ಅಂಥ ಕಡ್ಡಾಯ ಇಲ್ಲ. ಆ ಸಣ್ಣ ಸ್ಕ್ಯಾನರ್ ಅಲ್ಲಿ ಸಾಮಾನ್ಯವಾಗಿ ಕುರುಡು. ಓದಲು ಕಂಪನಿಯ ಸ್ಕ್ಯಾನರ್ ಬೇಕು, ಇಲ್ಲವೇ ಸಣ್ಣ ಗ್ಯಾರೇಜ್ ಕೊಳ್ಳಲಾಗದಷ್ಟು ದುಬಾರಿ ಯಂತ್ರ ಬೇಕು. ಹೊಗೆ ವಿಚಾರದಲ್ಲಿ ತೆರೆದ ಬಾಗಿಲು ಜೀವದ ವಿಚಾರದಲ್ಲಿ ಮುಚ್ಚಿದೆ. ಇದನ್ನು ಯಾರು, ಯಾಕೆ ಮುಚ್ಚಿಟ್ಟಿದ್ದಾರೆ?

ಇದು ನಮ್ಮ ಹಳ್ಳಿ ಗೊಣಗಾಟ ಅಂದುಕೊಳ್ಳಬೇಡಿ. 2011ರಲ್ಲಿ ಒಬ್ಬ ಗ್ರಾಹಕರು ಇದೇ ದೂರನ್ನು ಭಾರತೀಯ ಸ್ಪರ್ಧಾ ಆಯೋಗಕ್ಕೆ ಒಯ್ದಿದ್ದರು: ಬಿಡಿಭಾಗ, ದೋಷ ಪತ್ತೆ ಉಪಕರಣ, ತಾಂತ್ರಿಕ ಮಾಹಿತಿ ಯಾವುದೂ ಹೊರಗಿನ ಗ್ಯಾರೇಜುಗಳಿಗೆ ಸಿಗುತ್ತಿಲ್ಲ ಅಂತ. 2014ರ ಆಗಸ್ಟ್ 25ರಂದು ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗ ಮತ್ತು ಉಪಕರಣ ಹೊರಗಿನವರಿಗೂ ಸಿಗುವಂತೆ ಮಾಡಿ ಅಂತ ಹೇಳಿತು. ಇನ್ನೊಂದು ಮಾತನ್ನೂ ಹೇಳಿತು: ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನೇ ರದ್ದು ಮಾಡುತ್ತೇವೆ ಅನ್ನುವ ಸಾರಾಸಗಟು ಷರತ್ತು ಹಾಕುವಂತಿಲ್ಲ. ಕಂಪನಿಗಳು ಮೇಲ್ಮನವಿಗೆ ಹೋದವು. ಹತ್ತು ವರ್ಷ ದಾಟಿದೆ. "ಹೊರಗೆ ಕೈ ಹಾಕ್ಸಿದ್ರೆ ವಾರಂಟಿ ಇಲ್ಲ" ಅನ್ನುವ ಮಾತು ಇವತ್ತಿಗೂ ಕೌಂಟರಿನ ಮೇಲೆ ಕೂತಿದೆ.

2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ "ರೈಟ್ ಟು ರಿಪೇರ್" ಪೋರ್ಟಲ್ ತೆರೆಯಿತು. ಮೊಬೈಲ್, ಮನೆ ಸಾಮಾನು, ಕೃಷಿ ಯಂತ್ರ, ವಾಹನ ಎಲ್ಲ ಅದರೊಳಗೆ. ಒಳ್ಳೆಯದೇ. ಆದರೆ ಪೋರ್ಟಲ್ ಅಂದರೆ ಕಾನೂನಲ್ಲ. ಕಂಪನಿ ಸಹಾಯವಾಣಿ ನಂಬರನ್ನೂ ಸರ್ವಿಸ್ ಸೆಂಟರುಗಳ ಪಟ್ಟಿಯನ್ನೂ ಅಲ್ಲಿ ಹಾಕಿದ ಮಾತ್ರಕ್ಕೆ ಸ್ಟೇರಿಂಗ್ ಕೋಡ್ ಓದುವ ಹಕ್ಕು ನಮಗೆ ಬರುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಜನ 2012ರಲ್ಲೇ ಮತ ಹಾಕಿ, ಕಂಪನಿಗಳು ಡೀಲರಿಗೆ ಕೊಡುವ ಮಾಹಿತಿಯನ್ನು ಹೊರಗಿನ ಗ್ಯಾರೇಜಿಗೂ ಕೊಡಬೇಕು ಅನ್ನುವ ಕಾನೂನು ತಂದುಕೊಂಡರು. ನಮ್ಮಲ್ಲಿ ಯಾಕೆ ಆಗಬಾರದು?

ಕಂಪನಿಯವರ ಉತ್ತರ ಗೊತ್ತಿದೆ. "ಸ್ಟೇರಿಂಗ್ ಅಂದ್ರೆ ಸೇಫ್ಟಿ ಪಾರ್ಟ್. ಕಂಡವರು ಬಿಚ್ಚಿದ್ರೆ ಜೀವಕ್ಕೆ ಅಪಾಯ." ಅರ್ಧ ಒಪ್ಪುತ್ತೇವೆ. ಟಾರ್ಕ್ ಸೆನ್ಸರನ್ನು ಬಿಚ್ಚಿ ಹಾಗೇ ಕೂರಿಸಿದರೆ ಗಾಡಿ ತಾನಾಗೇ ಒಂದು ಕಡೆಗೆ ಎಳೆಯಬಹುದು, ಅದಕ್ಕೆ ಯಂತ್ರದಿಂದ ಕ್ಯಾಲಿಬ್ರೇಶನ್ ಬೇಕು. ಸೀಲ್ ಮಾಡಿದ ಯೂನಿಟ್ ಒಡೆದು ಸೋಲ್ಡರ್ ಹಾಕುವವರ ಹತ್ತಿರ ಹೋಗಬೇಡಿ ಅಂತ ನಾವೂ ಹೇಳುತ್ತೇವೆ. ಆದರೆ ಕೋಡ್ ಓದುವುದು ಬಿಚ್ಚುವುದಲ್ಲ. ಜ್ವರ ನೋಡಲು ಥರ್ಮಾಮೀಟರ್ ಇಟ್ಟುಕೊಂಡ ಮಾತ್ರಕ್ಕೆ ಯಾರೂ ಆಪರೇಷನ್ ಮಾಡಲು ಹೊರಡುವುದಿಲ್ಲ. ಸೇಫ್ಟಿ ಅಷ್ಟು ಮುಖ್ಯ ಅನ್ನುವುದಾದರೆ, ಸ್ಟೇರಿಂಗ್ ಭಾರವಾದ ಗಾಡಿಯನ್ನು ನಲವತ್ತು ಕಿಲೋಮೀಟರ್ ಆಸುಪಾಸು ಹೆದ್ದಾರಿಯಲ್ಲಿ ಓಡಿಸಿಕೊಂಡು ಬಾ ಅಂತ ಫೋನಿನಲ್ಲಿ ಹೇಳುವುದು ಯಾವ ಸೇಫ್ಟಿ?

ತೆಕ್ಕಲಕೋಟೆಯ ಗುಡ್ಡದ ಮೇಲೆ ನವಶಿಲಾಯುಗದ ಜನ ಬದುಕಿದ್ದರು ಅಂತ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅವರ ಉತ್ಖನನ ತೋರಿಸಿಕೊಟ್ಟಿತು. ಆ ಕಾಲದವರು ಕಲ್ಲಿನ ಕೊಡಲಿ ಮೊಂಡಾದರೆ ತಾವೇ ಮಸೆದುಕೊಳ್ಳುತ್ತಿದ್ದರು, ಬಳ್ಳಾರಿಗೆ ಟೋಯಿಂಗ್ ಮಾಡುತ್ತಿರಲಿಲ್ಲ. ತಮಾಷೆ ಬಿಡಿ.

ಕಂಪನಿಯ ತಪ್ಪು ಇರುವುದೇ ಇಲ್ಲ ಅನ್ನುವಂತೆ ಮಾತಾಡುವವರಿಗೆ ಒಂದೆರಡು ಲೆಕ್ಕ. 2023ರ ಜುಲೈನಲ್ಲಿ ಮಾರುತಿ ಸುಜುಕಿ ಕಂಪನಿ ಸ್ಟೇರಿಂಗ್ ಟೈ ರಾಡ್ ದೋಷಕ್ಕಾಗಿ 87,599 ಎಸ್-ಪ್ರೆಸ್ಸೋ ಮತ್ತು ಈಕೋ ಗಾಡಿಗಳನ್ನು ವಾಪಸ್ ಕರೆಯಿತು. 2024ರ ಆಗಸ್ಟಿನಲ್ಲಿ ಸ್ಟೇರಿಂಗ್ ಗೇರ್‌ಬಾಕ್ಸ್ ದೋಷಕ್ಕಾಗಿ 2,555 ಆಲ್ಟೋ ಕೆ10 ಕಾರುಗಳನ್ನು ಕರೆಯಿತು. ಇವು ಕರೆಂಟ್ ಮೋಟಾರಿನ ದೋಷ ಅಲ್ಲ, ಸ್ಟೇರಿಂಗಿನ ಬೇರೆ ಭಾಗಗಳು. ಮೋಟಾರಿನ ನೆರವೇ ಹೋಗುವ ದೋಷಕ್ಕೆ ಅಮೆರಿಕದಲ್ಲಿ 2025ರ ಫೆಬ್ರವರಿಯಲ್ಲಿ ಟೆಸ್ಲಾ ಕಂಪನಿ 3,76,000ಕ್ಕೂ ಹೆಚ್ಚು ಕಾರುಗಳಿಗೆ ರೀಕಾಲ್ ಮಾಡಿತು. ಅಷ್ಟು ದೊಡ್ಡ ಕಂಪನಿಗೂ ತಪ್ಪಾಗುತ್ತದೆ ಅಂದ ಮೇಲೆ "ನೀವೇ ಗಾಡಿ ಸರಿಯಾಗಿ ಓಡ್ಸಿಲ್ಲ" ಅಂತ ಸಿರುಗುಪ್ಪದ ಡ್ರೈವರಿಗೆ ಹೇಳುವ ಮೊದಲು ಪರೀಕ್ಷೆ ಮಾಡಿ ತೋರಿಸಲಿ.

ನಮ್ಮ ದೇಶದಲ್ಲಿ 2021ರ ಏಪ್ರಿಲ್ 1ರಿಂದ ರೀಕಾಲ್ ಕಾನೂನು ಜಾರಿಯಲ್ಲಿದೆ. ಏಳು ವರ್ಷದೊಳಗಿನ ಗಾಡಿಯಲ್ಲಿ ಸುರಕ್ಷತೆಗೆ ಸಂಬಂಧಪಟ್ಟ ದೋಷ ಇದ್ದರೆ ಸರ್ಕಾರವೇ ಕಂಪನಿಗೆ ಆದೇಶ ಮಾಡಬಹುದು, ದಂಡ ಒಂದು ಕೋಟಿ ರೂಪಾಯಿವರೆಗೆ. ಆದರೆ ಇದರ ಚಾವಿ ದೂರುಗಳ ಸಂಖ್ಯೆಯಲ್ಲಿದೆ. ಇಷ್ಟು ಗಾಡಿ ಮಾರಾಟಕ್ಕೆ ಇಷ್ಟು ದೂರು ಬಂದರೆ ಮಾತ್ರ ವಿಚಾರಣೆ ಮೇಲೇಳುತ್ತದೆ. ಬೆಂಗಳೂರಿನವರು ಟ್ವಿಟರಿನಲ್ಲಿ ಬರೆಯುತ್ತಾರೆ, ನಮ್ಮವರು ಬಿಲ್ ಕಟ್ಟಿ ಸುಮ್ಮನೆ ಬರುತ್ತಾರೆ. ಕಂಪನಿಯ ಲೆಕ್ಕದಲ್ಲಿ ನಮ್ಮ ಗಾಡಿ ಕೆಟ್ಟೇ ಇಲ್ಲ.

ಹಾಗಾಗಿ ದೀಪ ಹತ್ತಿದ ದಿನದಿಂದಲೇ ಕಾಗದ ಸೇರಿಸಿ. ದೀಪದ ಫೋಟೋ, ಕಿಲೋಮೀಟರ್ ರೀಡಿಂಗಿನ ಫೋಟೋ, ಸ್ಟೇರಿಂಗ್ ಬಿಗಿಯಾಗಿ ತಿರುಗುವ ವಿಡಿಯೋ. ಕೋಡ್ ಓದಿಸುವ ಮೊದಲು ಬ್ಯಾಟರಿ ವೈರ್ ಬಿಚ್ಚಿಸಬೇಡಿ, ಕೆಲವು ಗಾಡಿಗಳಲ್ಲಿ ದಾಖಲಾದದ್ದು ಅಳಿಸಿಹೋಗಬಹುದು. ಶೋರೂಂನಲ್ಲಿ ಗಾಡಿ ಬಿಡುವಾಗ ಜಾಬ್ ಕಾರ್ಡಿನ ಮೇಲೆ "ಸ್ಟೇರಿಂಗ್ ದೀಪ ಹತ್ತಿ ನೆರವು ನಿಂತಿದೆ" ಅಂತ ಬರೆಸಿ. "ಜನರಲ್ ಚೆಕಪ್" ಅಂತ ಬರೆದರೆ ಸಹಿ ಹಾಕಬೇಡಿ. ಸೆಟ್ ಬದಲಿಸಬೇಕು ಅಂದರೆ ಮೂರು ಪ್ರಶ್ನೆ ಕೇಳಿ: ಯಾವ ಕೋಡ್ ಬಂತು, ಬ್ಯಾಟರಿ ವೋಲ್ಟೇಜ್ ಎಷ್ಟಿತ್ತು, ವೈರ್ ಮತ್ತು ಫ್ಯೂಸ್ ನೋಡಿದಿರಾ? ಉತ್ತರ ಬರವಣಿಗೆಯಲ್ಲಿ ಕೊಡಿ ಅನ್ನಿ. ಹಳೇ ಪಾರ್ಟ್ ತೋರಿಸಿ ಅನ್ನಿ. ಗಾಡಿಯ ಚಾಸಿ ನಂಬರ್ ಹಾಕಿ ಕಂಪನಿ ವೆಬ್‌ಸೈಟಿನಲ್ಲಿ ರೀಕಾಲ್ ಇದೆಯಾ ಅಂತಲೂ ನೋಡಿ. ರೀಕಾಲ್ ಆಗಿದ್ದರೆ ಆ ಭಾಗದ ರಿಪೇರಿ ಪುಕ್ಕಟೆ.

ಕೊಡದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಬಳ್ಳಾರಿಯ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಾಡಿಯನ್ನು ಹುಬ್ಬಳ್ಳಿಯಲ್ಲಿ ಕೊಂಡಿದ್ದರೂ ಹುಬ್ಬಳ್ಳಿಗೆ ಅಲೆಯಬೇಕಿಲ್ಲ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಎರಡು ವರ್ಷದ ಗಡುವು ಇದೆ, ದೋಷ ಕಂಡ ತಾರೀಖನ್ನು ಆ ಜಾಬ್ ಕಾರ್ಡೇ ಹೇಳುತ್ತದೆ.