ಮೂತ್ರಪಿಂಡದ ರೋಗಿಯೂ ಸೂಜಿಮದ್ದೂ

ಮೂತ್ರಪಿಂಡಗಳು ಸೋತವರಿಗೆ ರಕ್ತಹೀನತೆಯೂ ಬೆನ್ನುಹತ್ತಿ ಬರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ರಕ್ತಕಣಗಳನ್ನು ಹುಟ್ಟಿಸೆಂದು ಮಜ್ಜೆಗೆ ಅಪ್ಪಣೆ ಕೊಡತಕ್ಕ ಎರಿತ್ರೊಪೊಯೆಟಿನ್ ಎಂಬ ರಸವು ಬಹುಮಟ್ಟಿಗೆ ಆ ಅಂಗದಲ್ಲಿಯೇ ಉತ್ಪನ್ನವಾಗುತ್ತದೆ. 1989ರಲ್ಲಿ ಬಳಕೆಗೆ ಬಂದ ಎಪೊಯೆಟಿನ್ ಸೂಜಿಮದ್ದು ಈ ಕೊರತೆಯನ್ನು ತುಂಬಿತು. ಅದನ್ನು ವಾರಕ್ಕೆ ಒಂದರಿಂದ ಮೂರು ಸಲ ಕೊಡಬೇಕು. 2001ರಲ್ಲಿ ಬಂದ ಡಾರ್ಬೆಪೊಯೆಟಿನ್ ಶರೀರದಲ್ಲಿ ಸುಮಾರು ಮೂರು ಪಟ್ಟು ಕಾಲ ನಿಲ್ಲುವುದರಿಂದ ವಾರಕ್ಕೋ ಪಕ್ಷಕ್ಕೋ ಒಂದು ಸಲ ಸಾಕು.

ಹೊಸದೆಂದ ಮಾತ್ರಕ್ಕೆ ಮೇಲೆಂದು ನಾವು ಒಪ್ಪುವವರಲ್ಲ. ರಕ್ತವನ್ನು ಏರಿಸುವ ಶಕ್ತಿಯಲ್ಲಿ ಎರಡಕ್ಕೂ ಹೇಳತಕ್ಕಷ್ಟು ಭೇದವಿಲ್ಲ. ಡಯಾಲಿಸಿಸಿಗಾಗಿ ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆಗೆ ಬರಲೇಬೇಕಾದವನಿಗೆ ಅಲ್ಲಿಯೇ ಹಳೆಯ ಮದ್ದನ್ನು ಕೊಡಬಹುದು. ಅವನಿಗೆ ಹೊಸದರಿಂದ ಲಾಭ ಅತ್ಯಲ್ಪ.

ಆ ಹಂತವನ್ನು ಮುಟ್ಟದೆ ಮನೆಯಲ್ಲಿರುವ ರೋಗಿಯ ವಿಷಯ ಬೇರೆ. ಹೊನ್ನೂರಿನ ಕೂಲಿಕಾರನೊಬ್ಬನು ಸೂಜಿಗಾಗಿ ಕೊಳ್ಳೇಗಾಲಕ್ಕೋ ಚಾಮರಾಜನಗರಕ್ಕೋ ಹೋಗಬೇಕಾದರೆ ಆ ದಿನದ ಕೂಲಿ ಹೋಯಿತು. ಜೊತೆಗೆ ಬಂದ ಮಗನದೂ ಹೋಯಿತು. (ಹೆಂಗಸರಿಗೆ 2023ರಿಂದ ಸರ್ಕಾರಿ ಬಸ್ಸಿನಲ್ಲಿ ಚಾರ್ಜಿಲ್ಲ, ನಿಜ, ಕೂಲಿಯನ್ನು ತುಂಬಿಕೊಡುವವರಾರು?) ಮದ್ದನ್ನು ಮನೆಯಲ್ಲಿಟ್ಟುಕೊಳ್ಳೋಣವೆಂದರೆ 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಫ್ರಿಜ್ಜು ಎಲ್ಲರ ಮನೆಯಲ್ಲಿಯೂ ಇಲ್ಲ. ಇಂತಹವನು ನಾಲ್ಕು ವಾರ ಬಂದು ಐದನೆಯ ವಾರ ತಪ್ಪಿದರೆ ಅಲಕ್ಷ್ಯಗಾರನೆಂದು ಜರೆಯುವುದು ನ್ಯಾಯವೇ?

ಆದುದರಿಂದ ಸರ್ಕಾರದವರು ಮದ್ದು ಕೊಳ್ಳುವಾಗ ಒಂದೊಂದು ಸೂಜಿಯ ಬೆಲೆಯನ್ನಲ್ಲ, ಒಬ್ಬ ರೋಗಿಯ ಒಂದು ತಿಂಗಳ ವೆಚ್ಚವನ್ನು, ಪ್ರಯಾಣವನ್ನೂ ಕೂಲಿನಷ್ಟವನ್ನೂ ಸೇರಿಸಿ, ಹೋಲಿಸಬೇಕು. ದೂರದ ಹಳ್ಳಿಗಳ ಇಂತಹ ರೋಗಿಗಳಿಗಾದರೂ ದೀರ್ಘಕಾಲದ ಮದ್ದನ್ನು ಧರ್ಮಾರ್ಥವಾಗಿ ಒದಗಿಸಬೇಕು. ಅದೂ ಈಗ ನಮ್ಮ ದೇಶದಲ್ಲಿಯೇ ತಯಾರಾಗುತ್ತಿರುವುದರಿಂದ ಪರದೇಶದ ಬೆಲೆಯ ನೆಪ ನಿಲ್ಲದು.

ವೈದ್ಯರಿಗೂ ಒಂದು ಮಾತುಂಟು. ಸಕ್ಕರೆ ಕಾಯಿಲೆಯುಳ್ಳ ಮೂತ್ರಪಿಂಡ ರೋಗಿಗಳಲ್ಲಿ ಡಾರ್ಬೆಪೊಯೆಟಿನ್ ಕೊಟ್ಟು ಹಿಮೋಗ್ಲೋಬಿನ್ನನ್ನು 13ರವರೆಗೆ ಏರಿಸಹೋದ ಪರೀಕ್ಷೆಯೊಂದರ ಫಲ 2009ರಲ್ಲಿ ಪ್ರಕಟವಾಯಿತು; ಮಿದುಳಿನ ಆಘಾತ ಸುಮಾರು ಇಮ್ಮಡಿಯಾಗಿತ್ತು. ಶರೀರದಲ್ಲಿ ಕಬ್ಬಿಣದ ಅಂಶ ಸಾಲದಿದ್ದರೆ ಎರಡರಲ್ಲಿ ಯಾವ ಸೂಜಿಯೂ ಸರಿಯಾಗಿ ಫಲಿಸದು. ಹೊಸ ಮದ್ದಿನ ಜೊತೆಗೆ ತಿಂಗಳಿಗೊಮ್ಮೆ ರಕ್ತಪರೀಕ್ಷೆಯು ಯಳಂದೂರಿನಲ್ಲಿಯೇ ನಡೆಯುವ ಏರ್ಪಾಡೂ ಆಗತಕ್ಕದ್ದು.